ಕಳಿಸಲೋ, ಕಳಿಸದೇ ಬಿಡಲೋ: ಅಮೆರಿಕದ ಕಾಲೇಜು ಅರ್ಜಿ ಮತ್ತು ಸ್ಯಾಟ್ ಅಂಕ

ಪೂರ್ಣಾಂಕ 1600, ಬಂದದ್ದು 1420. ಕಾಲೇಜು ಪ್ರವೇಶಕ್ಕಾಗಿ ಸ್ಯಾಟ್ ಎಂಬ ಪರೀಕ್ಷೆ ಬರೆಯುವ ಅಮೆರಿಕದ ಮಕ್ಕಳ ಸರಾಸರಿ ಸಾವಿರದ ಚಿಲ್ಲರೆ. ಹಾಗಾಗಿ 1420 ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಹಿಂದೆ ಹಾಕಿದ ಅಂಕ. ಆದರೂ ಇಷ್ಟು ತೆಗೆದ ಹುಡುಗಿ ಅಕ್ಟೋಬರ್ ಕೊನೆಯಲ್ಲಿ ಅರ್ಜಿ ತೆರೆದಿಟ್ಟುಕೊಂಡು, ಇದನ್ನು ತೋರಿಸಲೋ ಬೇಡವೋ ಎಂದು ನಿದ್ದೆಗೆಡುತ್ತಾಳೆ. ಅರ್ಜಿಯೇ ಅವಳನ್ನು ಕೇಳುತ್ತದೆ: ನಿಮ್ಮ ಪರೀಕ್ಷೆಯ ಅಂಕವನ್ನು ನಾವು ಗಮನಿಸಬೇಕೆ? ಹೌದು ಅಥವಾ ಇಲ್ಲ. ನಮ್ಮಲ್ಲಿ ಕೆಸಿಇಟಿ ಬರೆದವರನ್ನು ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ. ರ‍್ಯಾಂಕ್ ಎಷ್ಟು ಬಂತೋ ಅಷ್ಟೇ, ಅದನ್ನು ಜೇಬಿನಲ್ಲಿಟ್ಟುಕೊಂಡು ಸೀಟು ಕೇಳಲು ಬರುವುದಿಲ್ಲ.

ಅಲ್ಲಿಯವರು ಈ ಪದ್ಧತಿಯನ್ನು 'ಟೆಸ್ಟ್ ಆಪ್ಷನಲ್' ಎನ್ನುತ್ತಾರೆ. ಅಂಕ ಕಳಿಸಿದರೆ ನೋಡುತ್ತೇವೆ, ಕಳಿಸದಿದ್ದರೆ ಬೇಸರವಿಲ್ಲ ಎಂಬುದು ಕಾಲೇಜಿನ ಮಾತು. ಕೇಳಲು ಸೊಗಸಾಗಿದೆ. ಆದರೆ ಈ ಸೌಜನ್ಯದ ಮಾತು ಹದಿನೇಳರ ಮಕ್ಕಳ ತಲೆಯ ಮೇಲೆ ಎಂಥ ಲೆಕ್ಕಾಚಾರವನ್ನು ಹೊರಿಸಿದೆ, ಆ ಲೆಕ್ಕ ತಪ್ಪಿದರೆ ಪೆಟ್ಟು ಯಾರಿಗೆ ಎಂಬುದು ಕಳೆದ ಕೆಲವು ವರ್ಷಗಳಲ್ಲಷ್ಟೇ ಸ್ಪಷ್ಟವಾಗಿದೆ.

ಸ್ಯಾಟ್‌ನ ಚರಿತ್ರೆಯೇ ಎರಡು ನಾಲಿಗೆಯದು. 1926ರ ಜೂನ್ 23ರಂದು ಸುಮಾರು ಎಂಟು ಸಾವಿರ ಮಂದಿ ಮೊದಲ ಸಲ ಅದನ್ನು ಬರೆದರು. ರೂಪಿಸಿದವನು ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಅದಕ್ಕೆ ಮೂರು ವರ್ಷ ಮೊದಲು ಅವನೇ ಬುದ್ಧಿಮತ್ತೆಯನ್ನು ಜನಾಂಗಗಳ ಮೇಲೆ ಕಟ್ಟಿ ತೂಗುವ ಪುಸ್ತಕವೊಂದನ್ನು ಬರೆದಿದ್ದ. 1930ರಲ್ಲಿ ಆ ವಾದಕ್ಕೆ ಆಧಾರವಿಲ್ಲ ಎಂದು ತಾನೇ ಒಪ್ಪಿಕೊಂಡ. ಆಮೇಲೆ ಹಾರ್ವರ್ಡ್‌ನ ಅಧ್ಯಕ್ಷನಾದ ಜೇಮ್ಸ್ ಕೊನಂಟ್ ಇದೇ ಪರೀಕ್ಷೆಯನ್ನು ತಿರುವಿ ಹಿಡಿದ. ಪೂರ್ವ ಕರಾವಳಿಯ ಸಿರಿವಂತ ಖಾಸಗಿ ಶಾಲೆಗಳಿಂದಾಚೆಗಿನ ಜಾಣ ಮಕ್ಕಳನ್ನು ಹುಡುಕಿ ವಿದ್ಯಾರ್ಥಿವೇತನ ಕೊಡಲು ಬಳಸಿದ. ಅಂದರೆ ಬಡ ಊರಿನ ಪ್ರತಿಭೆಯನ್ನು ಕಂಡುಹಿಡಿಯುವ ಉಪಾಯ ಎಂಬ ಹೊಗಳಿಕೆಯೂ ಇದಕ್ಕೆ ಹಳೆಯದು, ಉಳ್ಳವರ ಮಕ್ಕಳಿಗೆ ಅನುಕೂಲ ಮಾಡುವ ಪರೀಕ್ಷೆ ಎಂಬ ಬೈಗುಳವೂ ಹಳೆಯದು. ಎರಡೂ ನಿಜ ಎನ್ನುವುದೇ ತೊಡಕು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಹೋದ್ಯೋಗಿಗಳ ಲೆಕ್ಕದಂತೆ, ಅತಿ ಶ್ರೀಮಂತ ಶೇ 1ರಷ್ಟು ಕುಟುಂಬಗಳ ಮಕ್ಕಳು 1300 ಅಥವಾ ಅದಕ್ಕೂ ಹೆಚ್ಚು ಪಡೆಯುವ ಸಾಧ್ಯತೆ, ಕಡು ಬಡವರ ಮಕ್ಕಳಿಗಿಂತ 13 ಪಟ್ಟು ಹೆಚ್ಚು.

ಪರೀಕ್ಷೆ ಬೇಡ ಎಂದು ಮೊದಲು ಹೇಳಿದ್ದು ಮೇಯ್ನ್ ರಾಜ್ಯದ ಬೋಡನ್ ಎಂಬ ಸಣ್ಣ ಕಾಲೇಜು, 1969ರಲ್ಲಿ. ಅದೇ ರಾಜ್ಯದ ಬೇಟ್ಸ್ 1984ರಲ್ಲಿ ಹಿಂಬಾಲಿಸಿತು. ದೊಡ್ಡವರು ಅತ್ತ ತಿರುಗಿಯೂ ನೋಡಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯ 2018ರಲ್ಲಿ ಸೇರಿಕೊಂಡದ್ದೇ ದೊಡ್ಡ ಸುದ್ದಿಯಾಗಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಕೋವಿಡ್ ಬಂತು, ಪರೀಕ್ಷಾ ಕೇಂದ್ರಗಳು ಬಾಗಿಲು ಹಾಕಿದವು. ಬರೆಯಲು ಜಾಗವೇ ಇಲ್ಲದ ಪರೀಕ್ಷೆಯ ಅಂಕ ಕೇಳುವುದು ಹೇಗೆ? ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲರೂ 'ಆಪ್ಷನಲ್' ಆದರು.

ಇಂಥ ಸಂಕಟ ಆಗ ನಮಗೂ ಬಂದಿತ್ತು. 2021ರಲ್ಲಿ ಕರ್ನಾಟಕದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು, ಆ ವರ್ಷ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕವೊಂದನ್ನೇ ಹಿಡಿದರು. ಮರುವರ್ಷ ಅದೇ ತಂಡದವರು ಮತ್ತೆ ಸಿಇಟಿಗೆ ಕೂತಾಗ ಅವರ ಪಿಯು ಅಂಕ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ವ್ಯತ್ಯಾಸವಿಷ್ಟೆ: ಯಾವ ಅಂಕ ಲೆಕ್ಕಕ್ಕೆ ಎಂಬುದನ್ನು ಇಲ್ಲಿ ಸರ್ಕಾರ, ಪ್ರಾಧಿಕಾರ, ಕೊನೆಗೆ ಕೋರ್ಟು ಎಲ್ಲರಿಗೂ ಒಟ್ಟಿಗೆ ತೀರ್ಮಾನಿಸುತ್ತವೆ. ಅಮೆರಿಕದಲ್ಲಿ ಆ ತೀರ್ಮಾನವನ್ನು ಒಂದೊಂದು ಮಗುವಿಗೂ ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟ ಕೂಡಲೇ ಅಂಕಕ್ಕೆ ಇಲ್ಲದ ಅರ್ಥವೊಂದು ಮೌನಕ್ಕೆ ಬಂತು. ಸಂಬಂಧ ಕುದುರಿಸುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಜಾತಕ ಕೊಡಿ ಎಂದಾಗ 'ನಮಗೆ ಅದರಲ್ಲೆಲ್ಲ ನಂಬಿಕೆಯಿಲ್ಲ' ಎಂದು ಹುಡುಗಿಯ ಕಡೆಯವರು ಅಂದರೆ, ಅದು ಅವರ ನಿಜವಾದ ನಿಲುವೇ ಆಗಿರಬಹುದು. ಆದರೆ ಕೇಳಿಸಿಕೊಂಡ ಅತ್ತೆಯ ಮನಸ್ಸು ನೇರ ಕುಜದೋಷಕ್ಕೇ ಓಡುತ್ತದೆ. ಕೊಡದ ಕಾಗದವನ್ನೂ ಜನ ಓದುತ್ತಾರೆ, ಕೊಟ್ಟದ್ದಕ್ಕಿಂತ ಕೆಟ್ಟದಾಗಿ ಓದುತ್ತಾರೆ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ತರ್ಕವಿದೆ. ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಪಾಲ್ ಮಿಲ್‌ಗ್ರಮ್ 1981ರಲ್ಲಿ ಬೇರೆ ಬೇರೆಯಾಗಿ ಬರೆದದ್ದು. ತರ್ಕ ಹೀಗೆ. ಮೊದಲ ವರ್ಷ 1500 ದಾಟಿದವರು ಮಾತ್ರ ಅಂಕ ಕಳಿಸಿದರು ಎಂದುಕೊಳ್ಳಿ. ಕಳಿಸದವರ ಸರಾಸರಿ 1300 ಇರಬಹುದೆಂದು ಅರ್ಜಿ ಓದುವವನು ಊಹಿಸುತ್ತಾನೆ. ಆಗ 1480 ಬಂದವನಿಗೆ ನಷ್ಟ, ಯಾಕೆಂದರೆ ಬಾಯಿ ಮುಚ್ಚಿಕೊಂಡರೆ ಅವನೂ 1300ರ ಲೆಕ್ಕಕ್ಕೆ ಬೀಳುತ್ತಾನೆ. ಹಾಗಾಗಿ ಮರುವರ್ಷ ಅವನು ಕಳಿಸುತ್ತಾನೆ. ಅವನು ಹೊರಬಿದ್ದ ಮೇಲೆ ಉಳಿದವರ ಸರಾಸರಿ 1260ಕ್ಕೆ ಇಳಿಯುತ್ತದೆ, ಈಗ 1400ರವನಿಗೆ ಅದೇ ಇಕ್ಕಟ್ಟು. ಹೀಗೆ ಮೇಲಿನಿಂದ ಒಬ್ಬೊಬ್ಬರಾಗಿ ಬಾಯಿಬಿಟ್ಟು, ಕೊನೆಗೆ ತೀರಾ ತಳದವನೊಬ್ಬನೇ ಸುಮ್ಮನಿರಬೇಕಾಗುತ್ತದೆ. ತರ್ಕದ ಪ್ರಕಾರ 'ಐಚ್ಛಿಕ' ಎಂಬುದು ಕೆಲವು ವರ್ಷಗಳಲ್ಲಿ ತಾನಾಗಿಯೇ 'ಕಡ್ಡಾಯ' ಆಗಿಬಿಡಬೇಕು.

ವಾಸ್ತವದಲ್ಲಿ ಹಾಗಾಗಲಿಲ್ಲ. ಅಂಕ ಕಳಿಸದವರಲ್ಲಿ ಪರೀಕ್ಷೆಯನ್ನೇ ಬರೆಯದವರಿದ್ದಾರೆ, ದುಡ್ಡಿಲ್ಲದವರಿದ್ದಾರೆ, ಕೇಂದ್ರ ದೂರವಾದವರಿದ್ದಾರೆ. ಮೌನಕ್ಕೆ ಒಂದೇ ಕಾರಣವಿಲ್ಲ ಎಂದು ಓದುವವನಿಗೂ ಗೊತ್ತು. ಇನ್ನೊಂದು ಕಾರಣ ಹೆಚ್ಚು ನೋವಿನದು: ಕಳಿಸಬೇಕಾದ ಎಷ್ಟೋ ಮಕ್ಕಳಿಗೆ ತಾವು ಕಳಿಸಬೇಕಾದವರು ಎಂಬುದೇ ಗೊತ್ತಿರಲಿಲ್ಲ.

ಇದನ್ನು ಅಂಕಿಅಂಶಗಳೊಂದಿಗೆ ತೋರಿಸಿಕೊಟ್ಟದ್ದು ಡಾರ್ಟ್‌ಮತ್ ಕಾಲೇಜು. ಅದರ ಅಧ್ಯಕ್ಷೆ ಸಿಯಾನ್ ಬೈಲಾಕ್ ಮನೋವಿಜ್ಞಾನಿ. ಪರೀಕ್ಷೆಯ ಭಯಕ್ಕೆ ಮನುಷ್ಯರು ಕೈಕಾಲು ಬಿಡುವುದು ಯಾಕೆ ಎಂಬುದೇ ಅವರ ಅಧ್ಯಯನದ ವಸ್ತು. ಅವರೇ ತಮ್ಮ ಪ್ರಾಧ್ಯಾಪಕರಿಗೆ ಈ ನೀತಿಯನ್ನು ಪರಿಶೀಲಿಸಲು ಹೇಳಿದರು. ಕಾಲೇಜಿನ ಬಳಿ ಒಂದು ಅಪರೂಪದ ಮಾಹಿತಿ ಇತ್ತು: ಅರ್ಜಿಯಲ್ಲಿ ಅಂಕ ತೋರಿಸದೆ, ಆಮೇಲೆ ಬೇರೆ ದಾರಿಯಿಂದ ಅಂಕ ತಿಳಿದುಬಂದ ವಿದ್ಯಾರ್ಥಿಗಳದು. ನೋಡಿದರೆ, ಬಡ ಕುಟುಂಬಗಳಿಂದ, ಹಿಂದುಳಿದ ಊರುಗಳ ಶಾಲೆಗಳಿಂದ ಬಂದ ಮಕ್ಕಳು 1400ರ ಮೇಲಿನ ಅಂಕಗಳನ್ನು ಬಚ್ಚಿಟ್ಟಿದ್ದರು. ಡಾರ್ಟ್‌ಮತ್ ಪ್ರಕಟಿಸಿದ ಪಟ್ಟಿಯಲ್ಲಿ ಸೇರಿದವರ ಅಂಕಗಳು ಅದಕ್ಕೂ ಮೇಲಿದ್ದವು. ಅದನ್ನು ನೋಡಿ ನಮ್ಮದು ಸಾಲದು ಅಂದುಕೊಂಡಿದ್ದರು. ಆದರೆ ಆಯ್ಕೆ ಸಮಿತಿ ಅಂಕವನ್ನು ಒಂಟಿಯಾಗಿ ನೋಡುವುದಿಲ್ಲ. ಅರ್ಜಿದಾರ ಓದಿದ ಶಾಲೆಯ ಸರಾಸರಿ ಸಾವಿರದ ಆಸುಪಾಸಿನಲ್ಲಿದ್ದರೆ ಅಲ್ಲಿಂದ ಬಂದ 1420 ಅದಕ್ಕೆ ಚಿನ್ನದ ಹಾಗೆ. ಇಂಥ ಮಕ್ಕಳು ಅಂಕ ಕಳಿಸಿದ್ದರೆ ಸೀಟು ಸಿಗುವ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚಾಗುತ್ತಿತ್ತು ಎಂದು ಅಧ್ಯಯನ ಲೆಕ್ಕ ಹಾಕಿತು. ಬಡ ಮಕ್ಕಳಿಗೆ ಬಾಗಿಲು ತೆರೆಯಲೆಂದು ತಂದ ನಿಯಮ ಅದೇ ಮಕ್ಕಳ ಕೈಯಲ್ಲಿದ್ದ ಒಳ್ಳೆಯ ದಾಖಲೆಯನ್ನು ಅವರ ಕೈಯಿಂದಲೇ ಮುಚ್ಚಿಡಿಸಿತ್ತು. 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು.

ಸಾವಿರಾರು ಡಾಲರ್ ಎಣಿಸಿ ಖಾಸಗಿ ಕೌನ್ಸೆಲರ್ ಇಟ್ಟುಕೊಂಡ ಮನೆಯ ಮಕ್ಕಳು ಈ ತಪ್ಪು ಮಾಡುವುದು ಕಡಿಮೆ. ಯಾವ ಕಾಲೇಜಿಗೆ ಯಾವ ಅಂಕ ಕಳಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಹೇಳಿಕೊಡುವುದೇ ಕೌನ್ಸೆಲರ್‌ಗಳ ಕಸುಬು. ಐಚ್ಛಿಕತೆಯ ವಿರುದ್ಧ ನನ್ನ ಮುಖ್ಯ ತಕರಾರು ಇದೇ. ಪರೀಕ್ಷೆಯಲ್ಲಿ ದುಡ್ಡಿನ ಪ್ರಭಾವವಿದೆ ಎಂದು ಅದನ್ನು ಬದಿಗಿಟ್ಟರು, ಸರಿ. ಅದರ ಜಾಗದಲ್ಲಿ ಬಂದ ಆಟದಲ್ಲಿ ದುಡ್ಡಿನ ಪ್ರಭಾವ ಇನ್ನೂ ಹೆಚ್ಚು, ಕಣ್ಣಿಗೆ ಕಾಣುವುದು ಮಾತ್ರ ಕಡಿಮೆ.

ಹಾಗೆಂದು ಇನ್ನೊಂದು ಪಕ್ಷದ ಬಳಿ ಪುರಾವೆ ಇಲ್ಲವೆಂದಲ್ಲ. ಬೇಟ್ಸ್ ಕಾಲೇಜಿನ ಪ್ರವೇಶ ವಿಭಾಗದ ಮಾಜಿ ಮುಖ್ಯಸ್ಥ ವಿಲಿಯಂ ಹಿಸ್ 2014ರಲ್ಲಿ 33 ಸಂಸ್ಥೆಗಳ ಸುಮಾರು 1,23,000 ವಿದ್ಯಾರ್ಥಿಗಳ ದಾಖಲೆ ತೆಗೆದು ನೋಡಿದ್ದರು. ನಾಲ್ಕರ ಮಾಪನದಲ್ಲಿ ಅಂಕ ಕಳಿಸಿದವರ ಕಾಲೇಜು ಸರಾಸರಿಗೂ ಕಳಿಸದವರದಕ್ಕೂ ಇದ್ದ ಅಂತರ ಕೇವಲ 0.05. ಹತ್ತು ವರ್ಷದ ನಂತರ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ತನ್ನ ಲೆಕ್ಕ ಮುಂದಿಟ್ಟಿತು. ಮೊದಲ ಸೆಮಿಸ್ಟರ್‌ನಲ್ಲಿ ಅಂಕ ತೋರಿಸಿ ಬಂದವರು ತೋರಿಸದವರಿಗಿಂತ 0.86 ಮುಂದಿದ್ದರು. ಅರ್ಜಿದಾರರಲ್ಲಿ ಅಂಕ ತೋರಿಸಿದವರ ಸ್ಯಾಟ್ ಮಧ್ಯಾಂಕ 1420, ತೋರಿಸದವರದು 1160. ಅರ್ಜಿ ಹಾಕಿದವರಲ್ಲಿ ಶೇ 90ರಷ್ಟು ಮಂದಿ ಪರೀಕ್ಷೆ ಬರೆದಿದ್ದರೂ ಪರಿಗಣಿಸಿ ಎಂದವರು ಶೇ 42 ಮಾತ್ರ. ಟೆಕ್ಸಸ್ ಕೂಡ ಕಡ್ಡಾಯಕ್ಕೆ ಮರಳಿತು.

0.05 ಎಲ್ಲಿ, 0.86 ಎಲ್ಲಿ! ಒಂದು ಸುಳ್ಳು, ಇನ್ನೊಂದು ಸತ್ಯ ಎನ್ನಬೇಕಿಲ್ಲ. ಹಿಸ್ ನೋಡಿದ ಕಾಲೇಜುಗಳು ತಾವಾಗಿಯೇ ಯೋಚಿಸಿ ಈ ದಾರಿ ಹಿಡಿದವು, ಬಹಳಷ್ಟು ಸಣ್ಣವು, ಒಂದೊಂದು ಅರ್ಜಿಯನ್ನೂ ನಿಧಾನವಾಗಿ ಓದುವಂಥವು. ಟೆಕ್ಸಸ್‌ನದು ಸಾಂಕ್ರಾಮಿಕದ ಗಡಿಬಿಡಿಯಲ್ಲಿ ನಿಯಮ ಬದಲಿಸಿದ ಬೃಹತ್ ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನ ಸೇರುವವರ ಸಂಖ್ಯೆಯೂ ದೊಡ್ಡದು. ಮೊದಲ ವಾರದಿಂದಲೇ ಕ್ಯಾಲ್ಕುಲಸ್ ಹಿಡಿಯಬೇಕಾದವನಿಗೆ ಗಣಿತದ ತಳಪಾಯ ಎಷ್ಟು ಗಟ್ಟಿ ಎಂಬುದು ದೊಡ್ಡ ಪ್ರಶ್ನೆ, ಇಂಗ್ಲಿಷ್ ಸಾಹಿತ್ಯ ಓದುವವನಿಗೆ ಅಷ್ಟಲ್ಲ. ಎಂಐಟಿ 2022ರ ಮಾರ್ಚ್‌ನಲ್ಲೇ, ಉಳಿದ ಬಹುತೇಕರಿಗಿಂತ ಮೊದಲು, ಪರೀಕ್ಷೆಯನ್ನು ವಾಪಸ್ ತಂದದ್ದು ಇದೇ ಕಾರಣಕ್ಕೆ. ಅಲ್ಲಿ ಯಾವ ವಿಷಯ ಓದುವವರೂ ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಎರಡು ಸೆಮಿಸ್ಟರ್ ಭೌತಶಾಸ್ತ್ರ ಮುಗಿಸಲೇಬೇಕು. ಶಾಲೆಯಲ್ಲಿ ಕ್ಯಾಲ್ಕುಲಸ್ ಕಲಿಸುವವರೇ ಇಲ್ಲದ ಊರಿನ ಮಗು ಇದಕ್ಕೆ ಸಿದ್ಧವಿದೆ ಎಂದು ತೋರಿಸಲು ಸ್ಯಾಟ್ ಬಿಟ್ಟರೆ ಸುಲಭದ ದಾರಿ ಯಾವುದೂ ಇಲ್ಲ ಎಂದು ಅದರ ಪ್ರವೇಶ ವಿಭಾಗ ವಾದಿಸಿತು.

ಕ್ಯಾಲಿಫೋರ್ನಿಯಾ ಮಾತ್ರ ಎದುರು ದಿಕ್ಕಿಗೆ ಹೋಯಿತು. 2001ರಲ್ಲಿಯೇ ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್, ಶ್ರೀಮಂತರ ಶಾಲೆಯೊಂದರಲ್ಲಿ ಹನ್ನೆರಡು ವರ್ಷದ ಮಕ್ಕಳು ಸ್ಯಾಟ್‌ಗಾಗಿ ಪದಸಂಬಂಧಗಳ ಅಭ್ಯಾಸ ಮಾಡುತ್ತಿದ್ದುದನ್ನು ಕಂಡು ರೇಗಿ, ಈ ಪರೀಕ್ಷೆಯೇ ಬೇಡವೆಂದಿದ್ದರು. 2020ರಲ್ಲಿ ಅಧ್ಯಾಪಕರ ಸಮಿತಿ ಅಂಕಗಳಿಂದ ಉಪಯೋಗವಿದೆ, ಇಟ್ಟುಕೊಳ್ಳೋಣ ಎಂದು ವರದಿ ಕೊಟ್ಟರೂ ಆಡಳಿತ ಮಂಡಳಿ ಏಕಮತದಿಂದ ಕೈಬಿಟ್ಟಿತು. ಈ ಬಗ್ಗೆ ನಡೆದ ಮೊಕದ್ದಮೆಯೊಂದು 2021ರಲ್ಲಿ ರಾಜಿಯಾದ ನಂತರ ಅಂಕ ಕಳಿಸಿದರೂ ನೋಡುವಂತಿಲ್ಲ. ಕ್ಯುಪರ್ಟಿನೊದಲ್ಲಿ ನೆಲೆಸಿದ ಕನ್ನಡದ ಮನೆಯೊಂದರಲ್ಲಿ ಮಗ 1580 ತೆಗೆದರೂ ಅದೇ ವಿಶ್ವವಿದ್ಯಾಲಯದ ಬರ್ಕ್ಲಿಗಾಗಲಿ ಯುಸಿಎಲ್‌ಎಗಾಗಲಿ ಅದು ಲೆಕ್ಕಕ್ಕಿಲ್ಲ. ಸ್ಟ್ಯಾನ್‌ಫರ್ಡ್ ಆದರೋ ಕೇಳುತ್ತದೆ, ಅದೂ ಕೊಂಚ ಕಾಲ ಬಿಟ್ಟು ಮತ್ತೆ ಶುರುಮಾಡಿದ್ದು.

ಈಗ ನಮ್ಮ ಮಕ್ಕಳ ಮಾತಿಗೆ ಬರೋಣ. ಪಿಯು ಓದುತ್ತಾ ಅಮೆರಿಕಕ್ಕೆ ಅರ್ಜಿ ಹಾಕುವವರ ಕಷ್ಟವೇ ಬೇರೆ. ಅಲ್ಲಿನ ಅರ್ಜಿಗಳ ಕೊನೆಯ ದಿನ ನವೆಂಬರ್‌ನಿಂದ ಜನವರಿಯೊಳಗೆ ಬಂದುಹೋಗುತ್ತದೆ, ಬಹುತೇಕ ಫಲಿತಾಂಶ ಮಾರ್ಚ್ ಮುಗಿಯುವುದರೊಳಗೆ. ದ್ವಿತೀಯ ಪಿಯು ಅಂಕಪಟ್ಟಿ ಕೈಗೆ ಸಿಗುವುದು ಅದಾದ ಮೇಲೆ. ಅಂದರೆ ಅರ್ಜಿ ಓದುವವನ ಮುಂದೆ ಇರುವುದು ಹತ್ತನೆಯ ತರಗತಿಯ ಅಂಕ, ಪ್ರಥಮ ಪಿಯುವಿನ ಆಂತರಿಕ ಪರೀಕ್ಷೆಯ ಅಂಕ, ಪ್ರಾಂಶುಪಾಲರು ಅಂದಾಜಿನ ಮೇಲೆ ಬರೆದುಕೊಟ್ಟ ಒಂದು ಚೀಟಿ. ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದಿಸುವ ಬೆಂಗಳೂರಿನ ಶಾಲೆಯಾದರೆ ಅವನಿಗೆ ಪರಿಚಿತ. ಪ್ರತಿವರ್ಷ ಅಲ್ಲಿಂದ ಅರ್ಜಿಗಳು ಬರುತ್ತವೆ, ಶಾಲೆಯ ಕೌನ್ಸೆಲರ್ ಜೊತೆಗೆ ಪತ್ರವ್ಯವಹಾರವೂ ಇರುತ್ತದೆ. ದಾವಣಗೆರೆಯದೋ ಶಿರಸಿಯದೋ ಪಿಯು ಕಾಲೇಜಿನ ಶೇ 96 ಎಂದರೆ ಎಷ್ಟರ ಮಟ್ಟಿಗಿನದು ಎಂದು ಅವನಿಗೆ ಹೇಗೆ ತಿಳಿಯಬೇಕು? ಹೀಗಾಗಿ, ಅಮೆರಿಕದ ಮಗುವಿಗೆ ಐಚ್ಛಿಕವಾದದ್ದು ಇಂಥ ಕಡೆಯ ವಿದ್ಯಾರ್ಥಿಗೆ ಹೆಚ್ಚುಕಡಿಮೆ ಅನಿವಾರ್ಯ ಎಂದೇ ನನ್ನ ಎಣಿಕೆ. ಅವನನ್ನು ಬೇರೆಯವರೊಂದಿಗೆ ಒಂದೇ ಅಳತೆಯಲ್ಲಿ ಇಟ್ಟು ತೋರಿಸುವುದು ಅದೊಂದೇ. ಶುಲ್ಕವೇ ನೂರು ಡಾಲರ್ ದಾಟುತ್ತದೆ, ದೂರದ ಕೇಂದ್ರಕ್ಕೆ ಹೋಗಿಬರುವ ಖರ್ಚು ಬೇರೆ, ನಿಜ. ಆದರೂ ಇಡೀ ಅರ್ಜಿಯ ಖರ್ಚಿನಲ್ಲಿ ಇದು ಸಣ್ಣ ಪಾಲು.

ಮೊದಲು ಮಾಡಬೇಕಾದ್ದು ತಾನು ಅರ್ಜಿ ಹಾಕುವ ಕಾಲೇಜು ಯಾವ ಗುಂಪಿನದು ಎಂದು ನೋಡಿಕೊಳ್ಳುವುದು. ಹಾರ್ವರ್ಡ್, ಎಂಐಟಿ, ನಮ್ಮ ಎಂಜಿನಿಯರಿಂಗ್ ಆಕಾಂಕ್ಷಿಗಳಿಗೆ ಪ್ರಿಯವಾದ ಪರ್ಡ್ಯೂ, ಜಾರ್ಜಿಯಾ ಟೆಕ್ ಇವೆಲ್ಲ ಕಡ್ಡಾಯವಾಗಿ ಕೇಳುತ್ತವೆ. ಯೇಲ್ 2024ರಲ್ಲಿ ಒಂದು ನಡುದಾರಿ ತಂದಿತು: ಸ್ಯಾಟ್, ಎಸಿಟಿ, ಎಪಿ, ಐಬಿ ಪರೀಕ್ಷೆಗಳಲ್ಲಿ ಯಾವುದಾದರೂ ಸರಿ, ಒಂದಂತೂ ಬೇಕು. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು ನೋಡುವುದೇ ಇಲ್ಲ. ಉಳಿದ ದೊಡ್ಡ ಗುಂಪು, 1,800ಕ್ಕೂ ಹೆಚ್ಚು ಕಾಲೇಜುಗಳು, ಐಚ್ಛಿಕವಾಗಿಯೇ ಇವೆ ಅಥವಾ ಪರೀಕ್ಷೆಯನ್ನೇ ಕೈಬಿಟ್ಟಿವೆ. ತಲೆಕೆಡಿಸಿಕೊಳ್ಳಬೇಕಾದದ್ದು ಐಚ್ಛಿಕದವರ ವಿಷಯದಲ್ಲಿ ಮಾತ್ರ.

ಅಲ್ಲಿ ಚಾಲ್ತಿಯಲ್ಲಿರುವ ಸೂತ್ರ ಸರಳ. ಕಾಲೇಜು ಪ್ರಕಟಿಸುವ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆಯಲ್ಲಿ ಹೊಸದಾಗಿ ಸೇರಿದವರ ಅಂಕಗಳ ನಡುವಿನ ಅರ್ಧಭಾಗ, ಅಂದರೆ 25ನೇ ಶೇಕಡಾಂಕದಿಂದ 75ನೇ ಶೇಕಡಾಂಕದವರೆಗಿನ ವ್ಯಾಪ್ತಿ ಇರುತ್ತದೆ. ನಿಮ್ಮದು ಅದರ ಮಧ್ಯಬಿಂದುವಿಗಿಂತ ಮೇಲಿದ್ದರೆ ಕಳಿಸಿ, ಕೆಳಗಿದ್ದರೆ ಬೇಡ ಎನ್ನುತ್ತಾರೆ ಕೌನ್ಸೆಲರ್‌ಗಳು. ಇದನ್ನು ಕಣ್ಣುಮುಚ್ಚಿ ನಂಬಬಾರದು. ಅದೇ ದಾಖಲೆಯಲ್ಲಿ, ಅದೇ ಪುಟದಲ್ಲಿ, ಎಷ್ಟು ಶೇಕಡ ಮಂದಿ ಅಂಕ ಕಳಿಸಿದ್ದರು ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಜನ ಅದನ್ನು ದಾಟಿ ಹೋಗುತ್ತಾರೆ. ನೂರು ಮಂದಿಯಲ್ಲಿ 40 ಮಂದಿ ಮಾತ್ರ ಕಳಿಸಿದ್ದು, ಅವರೇ ಮೇಲಿನ ನಲವತ್ತು ಎಂದಿಟ್ಟುಕೊಳ್ಳಿ. ಆಗ ಪ್ರಕಟವಾದ 25ನೇ ಶೇಕಡಾಂಕಕ್ಕಿಂತ ಮೇಲಿರುವವರು ಮೂವತ್ತೇ ಮಂದಿ. ಪಟ್ಟಿಯಲ್ಲಿ 'ಕೆಳಗಿನ ಕಾಲುಭಾಗ' ಎಂದು ಕಾಣುವ ಆ ಅಂಕ ನಿಜವಾಗಿ ತರಗತಿಯ 70 ಮಂದಿಯದಕ್ಕಿಂತ ಮೇಲಿನದು. ಒಳ್ಳೆಯ ಅಂಕದವರು ಮಾತ್ರ ಕಳಿಸುವುದರಿಂದ ವ್ಯಾಪ್ತಿ ಏರುತ್ತದೆ, ಏರಿದ್ದನ್ನು ನೋಡಿ ಮರುವರ್ಷ ಇನ್ನಷ್ಟು ಮಂದಿ ಹಿಂಜರಿಯುತ್ತಾರೆ, ಮತ್ತೆ ಏರುತ್ತದೆ. ಡಾರ್ಟ್‌ಮತ್‌ನ ಮಕ್ಕಳು ಹೆದರಿದ್ದು ಇಂಥ ಉಬ್ಬಿದ ಸಂಖ್ಯೆಗೇ.

ಹಾಗಾಗಿ 25ನೇ ಶೇಕಡಾಂಕವನ್ನು ಮುಟ್ಟಿದ್ದರೆ, ಕಳಿಸಿದವರ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇದ್ದರೆ, ನಾನಾದರೆ ಕಳಿಸಿ ಎನ್ನುತ್ತೇನೆ. ಅದಕ್ಕಿಂತ ಮೂವತ್ತು ನಲವತ್ತು ಅಂಕ ಕೆಳಗಿದ್ದರೂ, ಓದುವ ಶಾಲೆಯಿಂದ ಹಿಂದೆ ಯಾರೂ ಹೋಗಿಲ್ಲದಿದ್ದರೆ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಾದರೆ, ಆಗಲೂ ಕಳಿಸಬಹುದು. ನೂರಿನ್ನೂರು ಕೆಳಗಿದ್ದರೆ ಕಳಿಸುವುದರಲ್ಲಿ ಅರ್ಥವಿಲ್ಲ. ಒಟ್ಟು ಅಂಕವನ್ನಷ್ಟೇ ನೋಡಿ ನಿರ್ಧರಿಸುವುದೂ ತಪ್ಪು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಗಣಿತದಲ್ಲಿ 800ಕ್ಕೆ 780, ಇಂಗ್ಲಿಷ್ ಓದು-ಬರಹದಲ್ಲಿ 620 ಬಂದಿರಬಹುದು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲು ಬರುವುದಿಲ್ಲ. ಆದರೆ ಕಂಪ್ಯೂಟರ್ ವಿಜ್ಞಾನಕ್ಕೆ ಅರ್ಜಿ ಹಾಕಿದವನ 780 ಎದ್ದು ಕಾಣುತ್ತದೆ, ಇಂಗ್ಲಿಷ್ ಸಾಮರ್ಥ್ಯಕ್ಕೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇರೆ ಇದ್ದೇ ಇದೆ. ಎರಡು ಸಲ ಬರೆದಿದ್ದರೆ ಒಂದೊಂದು ವಿಭಾಗದ ಉತ್ತಮ ಅಂಕವನ್ನು ಕೂಡಿಸಿ ನೋಡುವ ಕಾಲೇಜುಗಳೂ ಬಹಳ ಇವೆ, ಅದಕ್ಕೆ 'ಸೂಪರ್ ಸ್ಕೋರ್' ಎನ್ನುತ್ತಾರೆ. ದುಡ್ಡಿನ ವಿಷಯವನ್ನೂ ಮರೆಯಬಾರದು. ಪ್ರವೇಶಕ್ಕೆ ಅಂಕ ಬೇಡ ಎನ್ನುವ ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಮಾತ್ರ ಅಂಕವನ್ನೇ ಕೇಳುತ್ತವೆ.

ಇದೆಲ್ಲ ಇವತ್ತಿನ ನಿಯಮ. ಹಾರ್ವರ್ಡ್ 2021ರ ಕೊನೆಯಲ್ಲಿ, ಮುಂದಿನ ನಾಲ್ಕು ವರ್ಷ ಪರೀಕ್ಷೆ ಐಚ್ಛಿಕ ಎಂದು ಮಾತು ಕೊಟ್ಟಿತ್ತು. ಆ ಮಾತು ನಂಬಿ ಪರೀಕ್ಷೆ ಬರೆಯದೇ ಕೂತವರಿಗೆ 2024ರ ಏಪ್ರಿಲ್‌ನಲ್ಲಿ, ಅರ್ಜಿ ಹಾಕಲು ಕೆಲವೇ ತಿಂಗಳಿರುವಾಗ, ಕಡ್ಡಾಯ ಎಂಬ ಸುದ್ದಿ ಬಂತು. ಪ್ರಿನ್ಸ್‌ಟನ್ 2027-28ರ ಪ್ರವೇಶ ಸುತ್ತಿನಿಂದ ಮತ್ತೆ ಕೇಳುವುದಾಗಿ ಪ್ರಕಟಿಸಿದೆ. ಕೊಲಂಬಿಯಾ 2023ರಲ್ಲಿ ಶಾಶ್ವತವಾಗಿ ಐಚ್ಛಿಕ ಎಂದು ಘೋಷಿಸಿತು, ಐವಿ ಲೀಗ್ ಎಂಬ ಎಂಟು ಹೆಸರಾಂತ ಸಂಸ್ಥೆಗಳ ಗುಂಪಿನಲ್ಲಿ ಹೀಗೆ ಹೇಳಿದ್ದು ಅದೊಂದೇ. ಈಗ ಹತ್ತನೇ ತರಗತಿಯಲ್ಲಿರುವವರು ಅರ್ಜಿ ಹಾಕುವ ಹೊತ್ತಿಗೆ ಯಾರು ಯಾವ ಗುಂಪಿನಲ್ಲಿರುತ್ತಾರೋ ಹೇಳಲಾಗದು. ಅಮೆರಿಕದ ಆಸೆ ಇರುವವರು ಪ್ರಥಮ ಪಿಯು ಮುಗಿಯುವ ಹೊತ್ತಿಗೆ ಒಂದು ಸಲ, ದ್ವಿತೀಯ ಪಿಯು ಶುರುವಾದ ಮೇಲೆ ಆಗಸ್ಟ್‌ನಲ್ಲೋ ಅಕ್ಟೋಬರ್‌ನಲ್ಲೋ ಇನ್ನೊಂದು ಸಲ ಬರೆದಿಟ್ಟುಕೊಳ್ಳುವುದು ವಾಸಿ. ಕಳಿಸಬೇಕೋ ಬೇಡವೋ ಎಂದು ಯೋಚಿಸಲಿಕ್ಕಾದರೂ ಕೈಯಲ್ಲೊಂದು ಅಂಕ ಇರಬೇಕಲ್ಲ.